ಕುಳಿತಾಗಲೂ ಚುರುಕುಗಾಲಿನ ಅಕಿಲೀಸ್: ಹೋಮರನ ವಿಶೇಷಣಗಳ ಗುಟ್ಟು ಬಯಲಾದ ಕತೆ

ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯದ ಮೊದಲ ಭಾಗದಲ್ಲೇ ಅಕಿಲೀಸ್ ಮುನಿಸಿಕೊಂಡು ಯುದ್ಧ ಬಿಟ್ಟು, ಕಡಲ ದಂಡೆಯಲ್ಲಿ ತನ್ನ ಹಡಗುಗಳ ಪಕ್ಕ ಕುಳಿತುಬಿಡುತ್ತಾನೆ. ಸಭೆಗೂ ಹೋಗುವುದಿಲ್ಲ, ಕಾಳಗಕ್ಕೂ ಇಳಿಯುವುದಿಲ್ಲ. ಕುಳಿತಲ್ಲಿಂದ ಕದಲದ ಈ ವೀರನನ್ನು ಹೋಮರ್ ಆಗಲೂ ಕರೆಯುವುದು ‘ಚುರುಕುಗಾಲಿನ ಅಕಿಲೀಸ್’ ಎಂದೇ. ದಡದಲ್ಲಿ ಸುಮ್ಮನೆ ನಿಂತ ಹಡಗುಗಳು ಕೂಡ ‘ವೇಗದ ಹಡಗು’ಗಳೇ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ರಾಜಕುಮಾರಿ ನೌಸಿಕಾ ಒಗೆಯುವುದಕ್ಕೆಂದು ಗಾಡಿಯಲ್ಲಿ ಹೇರಿಕೊಂಡು ಹೋಗುವ ಕೊಳೆಬಟ್ಟೆಗಳು ‘ಹೊಳೆಯುವ ಬಟ್ಟೆ’ಗಳು. ಅಗಮೆಮ್ನಾನನ ಹೆಂಡತಿಯನ್ನು ಒಲಿಸಿಕೊಂಡು ಅವನನ್ನೇ ಕೊಂದ ಐಗಿಸ್ಥಸ್‌ಗೆ ಸಿಕ್ಕ ವಿಶೇಷಣವೋ ‘ನಿಷ್ಕಳಂಕ’!

ಇಷ್ಟು ದೊಡ್ಡ ಕವಿ ಇಷ್ಟು ಸಣ್ಣ ವಿಷಯದಲ್ಲಿ ಯಾಕೆ ಎಡವುತ್ತಾನೆ? ಸಾವಿರಾರು ವರ್ಷ ಓದುಗರು ಈ ಪ್ರಶ್ನೆ ಕೇಳಿಕೊಂಡು ಬಂದರು. ವಿಶೇಷಣಗಳಷ್ಟೇ ಅಲ್ಲ, ಇಡೀ ಸಾಲುಗಳು ಮತ್ತೆ ಮತ್ತೆ ಬರುತ್ತವೆ. ಬೆಳಗಾದರೆ ಅದೇ ಮಾತು, ಊಟಕ್ಕೆ ಕೂತರೆ ಅದೇ ಮಾತು, ವೀರ ನೆಲಕ್ಕುರುಳಿದರೆ ಅದೇ ಮಾತು. ನಮ್ಮ ಕಾವ್ಯಶಾಸ್ತ್ರದ ಕಣ್ಣಲ್ಲಿ ಇದು ನೇರವಾಗಿ ಪುನರುಕ್ತಿ ದೋಷ. 9ನೇ ಶತಮಾನದ ಕವಿರಾಜಮಾರ್ಗ ತನ್ನ ಮೊದಲ ಪರಿಚ್ಛೇದವನ್ನೇ ಕಾವ್ಯದ ದೋಷಗಳ ವಿಚಾರಕ್ಕೆ ಮೀಸಲಿಟ್ಟಿದೆ. ಹೇಳಿದ್ದನ್ನೇ ಹೇಳುವುದು, ಪಾದ ತುಂಬಿಸಲೆಂದು ಬೇಡದ ಪದ ತುರುಕುವುದು ಎಂಬ ಆಕ್ಷೇಪಗಳು ನಮ್ಮ ಆಲಂಕಾರಿಕರಿಗೆ ತೀರ ಪರಿಚಿತ. ಆ ಅಳತೆಗೋಲು ಹಿಡಿದರೆ ಹೋಮರನ ಪುಟಪುಟದಲ್ಲೂ ತಪ್ಪು ಸಿಗಬೇಕು. ಆದರೆ ಅವನನ್ನು ಓದಿದವರಿಗೆ ಅನ್ನಿಸುವುದು ಬೇರೆ. ಈ ಮರುಕಳಿಕೆಯಿಂದಲೇ ಕಾವ್ಯಕ್ಕೆ ಒಂದು ಗಾಂಭೀರ್ಯ ಬಂದಿದೆ ಅನ್ನಿಸುತ್ತದೆ.

1795ರಲ್ಲಿ ಜರ್ಮನಿಯ ವಿದ್ವಾಂಸ ಫ್ರೀಡ್ರಿಕ್ ಆಗಸ್ಟ್ ವೋಲ್ಫ್ ಹೋಮರನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿ ದೊಡ್ಡ ಜಗಳಕ್ಕೆ ನಾಂದಿ ಹಾಡಿದ. ಹೋಮರನ ಕಾಲಕ್ಕೆ ಇಷ್ಟು ಉದ್ದದ ಕಾವ್ಯವನ್ನು ಬರೆದಿಡುವಷ್ಟು ಬರವಣಿಗೆಯ ಬಳಕೆ ಇರಲಿಲ್ಲ, ಬಿಡಿ ಹಾಡುಗಳನ್ನು ಮುಂದಿನವರು ಜೋಡಿಸಿದ್ದಾರೆ ಎಂಬುದು ಅವನ ವಾದ. ಅಲ್ಲಿಂದ ವಿದ್ವಾಂಸರು ಎರಡು ಪಕ್ಷವಾದರು. ಒಂದು ಪಕ್ಷ ಕಾವ್ಯವನ್ನು ಬಗೆದು, ಇದು ಹಳೆಯದು, ಇದು ಆಮೇಲೆ ಸೇರಿದ್ದು ಎಂದು ಪದರ ಬಿಡಿಸತೊಡಗಿತು. ಇನ್ನೊಂದು ಪಕ್ಷ, ಇಲ್ಲ, ಇದು ಒಬ್ಬನೇ ಮಹಾಕವಿಯ ಕೃತಿ ಎಂದು ಪಟ್ಟುಹಿಡಿಯಿತು. ನೂರು ವರ್ಷ ದಾಟಿದರೂ ಜಗಳ ಬಗೆಹರಿಯಲಿಲ್ಲ. ಈ ಕಾವ್ಯವನ್ನು ಕಟ್ಟಿದ್ದು ಹೇಗೆ ಎಂಬ ಪ್ರಶ್ನೆ, ಯಾರು ಕಟ್ಟಿದರು ಎಂಬ ಪ್ರಶ್ನೆಯ ಹಿಂದೆ ಮರೆಯಾಗಿ ಹೋಗಿತ್ತು.

ಅದನ್ನು ಮುಂದಕ್ಕೆ ತಂದವನು ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ಯುವಕ. 1902ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಹುಟ್ಟಿದ ಅವನು ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಕಲಿತ. 1923ರಲ್ಲಿ ಬರೆದ ಎಂ.ಎ. ಪ್ರಬಂಧದಲ್ಲೇ, ಹೋಮರನ ಶೈಲಿ ಒಬ್ಬ ವ್ಯಕ್ತಿಯದಲ್ಲ, ಅದು ತಲೆಮಾರುಗಳಿಂದ ಬಂದದ್ದು ಎಂಬ ಎಳೆ ಅವನಿಗೆ ಸಿಕ್ಕಿತ್ತು. ಆಮೇಲೆ ಪ್ಯಾರಿಸ್‌ಗೆ ಹೋಗಿ ಸೋರ್ಬಾನ್‌ನಲ್ಲಿ ಸಂಶೋಧನೆಗೆ ಕುಳಿತ. ಅಲ್ಲಿ ಅವನು ಮಾಡಿದ ಕೆಲಸವನ್ನು ಕನ್ನಡ ವಿದ್ಯಾರ್ಥಿಗೆ ವಿವರಿಸುವುದು ಸುಲಭ. ಸಾಲಿಗೆ ಪ್ರಸ್ತಾರ ಹಾಕಿದ, ಗಣ ವಿಭಾಗ ಮಾಡಿದ, ಪ್ರತಿ ವಿಶೇಷಣ ಸಾಲಿನ ಯಾವ ಜಾಗದಲ್ಲಿ ಕೂರುತ್ತದೆ ಎಂದು ಪಟ್ಟಿ ಮಾಡಿದ.

ಹಳೆಯ ಗ್ರೀಕ್ ಛಂದಸ್ಸು ನಮ್ಮದರಂತೆಯೇ ಲಘು–ಗುರುಗಳ ಲೆಕ್ಕದ್ದು. ಹೋಮರನ ಸಾಲಿನಲ್ಲಿ ಆರು ಗಣ. ಒಂದೊಂದು ಗಣವೂ ಒಂದು ಗುರು ಎರಡು ಲಘು, ಅಂದರೆ ನಮ್ಮ ಭಗಣ. ಇಲ್ಲವೇ ಎರಡು ಗುರು. ಕೊನೆಯ ಗಣಕ್ಕೆ ಮಾತ್ರ ಎರಡೇ ಅಕ್ಷರ. ಪಾದಾಂತ್ಯದ ಅಕ್ಷರವನ್ನು ಗುರುವೆಂದೇ ಎಣಿಸಿದರೆ ಸಾಲಿಗೆ 24 ಮಾತ್ರೆ. ಜೊತೆಗೆ ಸಾಲಿನೊಳಗೆ ಉಸಿರು ನಿಲ್ಲಲು ಗೊತ್ತಾದ ಜಾಗಗಳು, ಅಂದರೆ ಯತಿಸ್ಥಾನಗಳು ಇವೆ.

ಈಗ ಒಡಿಸ್ಯೂಸ್‌ನ ಹೆಸರು ಸಾಲಿನ ಕೊನೆಯಲ್ಲಿ ಬರಬೇಕು ಎನ್ನಿ. ಯತಿ 16ನೇ ಮಾತ್ರೆಗೆ ಬಿದ್ದರೆ ಉಳಿಯುವುದು 8 ಮಾತ್ರೆ. ಆಗ ಅವನು ‘ದೇವತುಲ್ಯ ಒಡಿಸ್ಯೂಸ್’. ಗ್ರೀಕ್‌ನಲ್ಲಿ ಈ ಜೋಡಿ ಸರಿಯಾಗಿ 8 ಮಾತ್ರೆಯದು. ಯತಿ 14ನೇ ಮಾತ್ರೆಗೆ ಬಿದ್ದರೆ 10 ಮಾತ್ರೆ ಬೇಕು. ಆಗ ಅವನು ‘ಬಹುಯುಕ್ತಿಯ ಒಡಿಸ್ಯೂಸ್’. ಯತಿ 11ನೇ ಮಾತ್ರೆಗೇ ಬಂದುಬಿಟ್ಟರೆ 13 ಮಾತ್ರೆ ತುಂಬಬೇಕು. ಆಗ ಅವನು ‘ಬಹಳ ಸಹಿಸಿದ ದೇವತುಲ್ಯ ಒಡಿಸ್ಯೂಸ್’. ನಾಯಕನ ಗುಣ ಆ ಹೊತ್ತಿಗೆ ಯಾವುದು ಎದ್ದು ಕಾಣುತ್ತಿದೆ ಎಂಬುದಲ್ಲ, ಸಾಲಿನಲ್ಲಿ ಉಳಿದ ಜಾಗ ಎಷ್ಟು ಎಂಬುದೇ ವಿಶೇಷಣವನ್ನು ಆರಿಸುತ್ತಿತ್ತು. ಅಕಿಲೀಸ್ ಕುಳಿತಾಗಲೂ ಚುರುಕುಗಾಲಿನವನಾಗಿ ಉಳಿದದ್ದು ಹೀಗೆ.

ಇದು ನಮಗೆ ತೀರ ಹೊಸದಲ್ಲ. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೊಂದು ಬರುತ್ತವೆ. ಅರ್ಜುನನನ್ನು ಹೆಸರಿಸಬೇಕಾದ ಕವಿಗೆ ಮೂರು ಮಾತ್ರೆಯ ಜಾಗದಲ್ಲಿ ‘ಪಾರ್ಥ’ ಇದ್ದಾನೆ, ನಾಲ್ಕು ಮಾತ್ರೆಯ ಜಾಗದಲ್ಲಿ ‘ಫಲುಗುಣ’ ಇದ್ದಾನೆ. ವಿಭಕ್ತಿ ಹತ್ತಿದಾಗ ಲೆಕ್ಕ ಬದಲಾಗುತ್ತದೆ, ಆಗ ಬೇರೆ ಹೆಸರು ಒದಗುತ್ತದೆ. ಛಂದಸ್ಸಿಗೂ ಹೆಸರಿಗೂ ಇರುವ ಈ ನಂಟನ್ನು ಹೋಮರನ ವಿಷಯದಲ್ಲಿ 19ನೇ ಶತಮಾನದ ಜರ್ಮನ್ ವಿದ್ವಾಂಸರು, ಮುಖ್ಯವಾಗಿ ಹೈನ್ರಿಕ್ ಡುಂಟ್ಸರ್, ಆಗಲೇ ಗಮನಿಸಿದ್ದರು. ಪ್ಯಾರಿ ಕಂಡದ್ದು ಅದಕ್ಕಿಂತ ಆಳದ ಸಂಗತಿ. ಹೋಮರನ ಮುಖ್ಯ ಪಾತ್ರಗಳಿಗೆ ಸಾಲಿನ ಒಂದೊಂದು ಜಾಗಕ್ಕೂ ಒಂದೊಂದು ವಿಶೇಷಣ ಇದೆ. ಬೇಕಾದ ಅಳತೆಗಳಲ್ಲಿ ಬಹುಪಾಲಿಗೆ ಜೋಡಿ ಸಿದ್ಧವಾಗಿದೆ. ಅದೇ ಅಳತೆಗೆ ಎರಡನೆಯ ಜೋಡಿ ಬಹಳ ಅಪರೂಪ.

ಮನೆ ಕಟ್ಟುವ ಗಾರೆಯವನ ಕೈಯಳತೆಯಲ್ಲಿ ಇಡೀ ಇಟ್ಟಿಗೆ, ಮುಕ್ಕಾಲು ಇಟ್ಟಿಗೆ, ಅರ್ಧ ಇಟ್ಟಿಗೆ ಇರುವ ಹಾಗೆ, ಈ ಕವಿಯ ನಾಲಗೆಯಲ್ಲಿ ಒಂದೊಂದು ಹೆಸರಿಗೂ ಎಲ್ಲ ಅಳತೆಯ ತುಂಡುಗಳು ಇದ್ದವು. ಬೇಡದ ತುಂಡು ಹೆಚ್ಚುಕಡಿಮೆ ಇರಲೇ ಇಲ್ಲ. ಬರೆಯುವ ಕವಿಗೆ ಇಂಥ ಮಿತವ್ಯಯ ಬೇಕಿಲ್ಲ. ಅವನು ಒಂದೇ ಅಳತೆಗೆ ನಾಲ್ಕು ಹೆಸರು ಇಟ್ಟುಕೊಂಡು ಸಂದರ್ಭ ನೋಡಿ ಆರಿಸುತ್ತಾನೆ. ಪ್ಯಾರಿ ಇದನ್ನು ಪರೀಕ್ಷಿಸಿಯೂ ನೋಡಿದ. ಅದೇ ಛಂದಸ್ಸಿನಲ್ಲಿ ಬರವಣಿಗೆಯ ಕಾಲದಲ್ಲಿ ಕಾವ್ಯ ಬರೆದ ರೋಡ್ಸ್‌ನ ಅಪೊಲೋನಿಯಸ್ ಮತ್ತು ರೋಮ್‌ನ ವರ್ಜಿಲ್ ಅವರ ಕೃತಿಗಳಲ್ಲಿ ಇಂಥ ವ್ಯವಸ್ಥೆ ಸಿಗಲಿಲ್ಲ. ಹಾಗಾದರೆ ಹೋಮರನ ಈ ಬಿಗಿಯಾದ ಜಾಲವನ್ನು ಒಬ್ಬ ಕವಿ ತನ್ನ ಒಂದು ಆಯುಷ್ಯದಲ್ಲಿ ಹೆಣೆದಿರಲಾರ. ತಲೆಮಾರುಗಳ ಹಾಡುಗಾರರು ಉಪಯೋಗಕ್ಕೆ ಬಂದದ್ದನ್ನು ಉಳಿಸಿಕೊಂಡು, ಬಾರದ್ದನ್ನು ಕೈಬಿಡುತ್ತ ಅದನ್ನು ಬೆಳೆಸಿರಬೇಕು. 1928ರಲ್ಲಿ ಫ್ರೆಂಚ್ ಭಾಷೆಯಲ್ಲಿ ಸಲ್ಲಿಸಿದ ಎರಡು ಪ್ರಬಂಧಗಳಲ್ಲಿ ಪ್ಯಾರಿ ಇದನ್ನು ಸಾಬೀತು ಮಾಡಿದ. ಆಗ ಅವನಿಗೆ 26 ದಾಟಿರಲಿಲ್ಲ.

ಇಲ್ಲಿಗೆ ಆವಿಷ್ಕಾರದ ಅರ್ಧ ಮಾತ್ರ ಮುಗಿದಿತ್ತು. ಶೈಲಿ ಪರಂಪರೆಯದು ಎಂದು ತೋರಿಸಿದ್ದಾಯಿತು. ಆದರೆ ಪರಂಪರೆ ಯಾಕೆ ಇಂಥ ಜಾಲವನ್ನು ಕಟ್ಟಿಕೊಂಡಿತು? ಈ ಪ್ರಶ್ನೆಗೆ ದಾರಿ ತೋರಿದವನು ಅವನ ಗುರು, ಭಾಷಾಶಾಸ್ತ್ರಜ್ಞ ಆಂತ್ವಾನ್ ಮೆಯ್ಯೆ. ಇಂಥ ಶೈಲಿ ಬಾಯಿಂದಲೇ ಕಟ್ಟುವ ಕಾವ್ಯದ್ದು ಎಂದು ಅವನು ಶಿಷ್ಯನಿಗೆ ಸೂಚಿಸಿದ. ಅದೇ 1928ರಲ್ಲಿ ಪ್ರಾಗ್‌ನ ಪ್ರಾಧ್ಯಾಪಕ ಮಾತಿಯಾ ಮುರ್ಕೊ ಪ್ಯಾರಿಸ್‌ಗೆ ಬಂದು, ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಇನ್ನೂ ಬದುಕಿರುವ ವೀರಗಾಥೆಯ ಹಾಡುಗಾರರ ಬಗ್ಗೆ ಉಪನ್ಯಾಸ ಕೊಟ್ಟಿದ್ದ. ಪ್ಯಾರಿಯ ಪ್ರಬಂಧ ಪರೀಕ್ಷೆಯ ದಿನ ಅವನೂ ಸಭೆಯಲ್ಲಿದ್ದ. ಗ್ರಂಥಾಲಯದಲ್ಲಿ ಕೂತು ಸತ್ತ ಭಾಷೆಯ ಸಾಲು ಎಣಿಸುತ್ತಿದ್ದವನಿಗೆ, ಅದೇ ಕಸುಬು ಮಾಡುವ ಜೀವಂತ ಜನ ಇದ್ದಾರೆ ಎಂಬುದು ಹೀಗೆ ಮನಸ್ಸಿಗೆ ನಾಟಿತು.

ಅಮೆರಿಕಕ್ಕೆ ಮರಳಿದ ಪ್ಯಾರಿ 1929ರಿಂದ ಹಾರ್ವರ್ಡ್‌ನಲ್ಲಿ ಪಾಠ ಹೇಳತೊಡಗಿದ. 1930 ಮತ್ತು 1932ರ ದೀರ್ಘ ಲೇಖನಗಳಲ್ಲಿ ತನ್ನ ವಾದವನ್ನು ಇಡೀ ಸಾಲಿಗೆ ವಿಸ್ತರಿಸಿದ. ಒಂದೇ ಛಂದಸ್ಸಿನ ಸ್ಥಿತಿಯಲ್ಲಿ ಒಂದೇ ಮುಖ್ಯ ಭಾವವನ್ನು ಹೇಳಲು ರೂಢಿಯಾಗಿ ಬಳಕೆಯಾಗುವ ಪದಗುಂಪನ್ನು ‘ಸೂತ್ರ’ ಎಂದು ಕರೆದ. ಇಲಿಯಡ್ ಮತ್ತು ಒಡಿಸ್ಸಿಗಳ ಮೊದಲ 25 ಸಾಲುಗಳನ್ನು ತೆಗೆದುಕೊಂಡು, ಬೇರೆಡೆ ಮರುಕಳಿಸುವ ಪದಗುಂಪುಗಳಿಗೆಲ್ಲ ಅಡಿಗೆರೆ ಎಳೆದು ತೋರಿಸಿದ. ಬಹುಪಾಲು ಸಾಲು ಗೆರೆಯ ಮೇಲೇ ನಿಂತಿತ್ತು. ಆದರೂ ಇದು ಕಾಗದದ ಸಾಕ್ಷಿ. ಬಾಯಿಯಲ್ಲಿ ಕಾವ್ಯ ಕಟ್ಟುವುದನ್ನು ಕಣ್ಣಾರೆ ನೋಡದೆ ಇದನ್ನು ನಂಬಲು ಅವನೇ ಸಿದ್ಧನಿರಲಿಲ್ಲ.

1933ರ ಬೇಸಿಗೆಯಲ್ಲಿ ಮೊದಲ ಸಲ, ಆಮೇಲೆ 1934ರಿಂದ 1935ರವರೆಗೆ ವರ್ಷಕ್ಕೂ ಹೆಚ್ಚು ಕಾಲ ಅವನು ಯುಗೊಸ್ಲಾವಿಯದಲ್ಲಿ ಇದ್ದ. ಸಂಸಾರ ಸಮೇತ ದುಬ್ರೊವ್ನಿಕ್‌ನಲ್ಲಿ ಬಿಡಾರ ಹೂಡಿದ. ಜೊತೆಗೆ ಆಲ್ಬರ್ಟ್ ಲಾರ್ಡ್ ಎಂಬ ಶಿಷ್ಯ. ಸಹಾಯಕ್ಕೆ ನಿಕೊಲ ವುಯ್ನೊವಿಚ್ ಎಂಬ ಹರ್ಜೆಗೊವಿನದವನು. ಅವನೂ ಹಾಡುಗಾರನೇ, ಹಾಡುಗಾರರ ಜೊತೆ ಅವರ ಭಾಷೆಯಲ್ಲಿ, ಅವರ ಧಾಟಿಯಲ್ಲಿ ಮಾತಾಡಬಲ್ಲವನು. ಆ ಕಾಲದ ಧ್ವನಿಮುದ್ರಣ ಯಂತ್ರದಲ್ಲಿ ತಟ್ಟೆಯ ಒಂದು ಬದಿ ನಾಲ್ಕು ನಿಮಿಷಕ್ಕೇ ತುಂಬಿಹೋಗುತ್ತಿತ್ತು. ಗಂಟೆಗಟ್ಟಲೆ ಹಾಡುವವನನ್ನು ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸಿದರೆ ಕಾವ್ಯದ ಓಟವೇ ಕೆಡುತ್ತದೆ. ಹಾಗಾಗಿ ಪ್ಯಾರಿ ಕನೆಕ್ಟಿಕಟ್‌ನ ಒಂದು ಕಂಪನಿಯಿಂದ ಎರಡು ತಟ್ಟೆಗಳ ಯಂತ್ರ ಮಾಡಿಸಿಕೊಂಡು ಬಂದಿದ್ದ. ಒಂದು ಅಲ್ಯೂಮಿನಿಯಂ ತಟ್ಟೆ ತುಂಬುತ್ತಿದ್ದಂತೆ ಸ್ವಿಚ್ ಬದಲಿಸಿದರೆ ಇನ್ನೊಂದು ತಟ್ಟೆಯಲ್ಲಿ ಮುದ್ರಣ ಮುಂದುವರಿಯುತ್ತಿತ್ತು. ಹೀಗೆ 3,500ಕ್ಕೂ ಹೆಚ್ಚು ತಟ್ಟೆಗಳು ತುಂಬಿದವು.

ಅಲ್ಲಿನ ಹಾಡುಗಾರ ಕೈಯಲ್ಲಿ ಗುಸ್ಲೆ ಹಿಡಿಯುತ್ತಾನೆ. ಅದು ಒಂದೇ ತಂತಿಯ, ಕಮಾನಿನಿಂದ ನುಡಿಸುವ ವಾದ್ಯ. ಅವನ ಸಾಲಿಗೆ ಹತ್ತು ಅಕ್ಷರ, ನಾಲ್ಕನೆಯ ಅಕ್ಷರದ ನಂತರ ಯತಿ. ಮುಸ್ಲಿಂ ಹಾಡುಗಾರರಿಗೆ ಆಗ ರಂಜಾನ್ ತಿಂಗಳು ದೊಡ್ಡ ಸುಗ್ಗಿಯಾಗಿತ್ತು. ಕಾಫಿ ಅಂಗಡಿಯ ಯಜಮಾನ ಒಬ್ಬ ಹಾಡುಗಾರನನ್ನು ಗೊತ್ತು ಮಾಡಿಕೊಳ್ಳುತ್ತಿದ್ದ, ಉಪವಾಸ ಮುರಿದ ಗಂಡಸರು ರಾತ್ರಿಯೆಲ್ಲ ಕೂತು ಕೇಳುತ್ತಿದ್ದರು. ಕೇಳುಗರು ಬಂದು ಹೋಗುತ್ತಿದ್ದರು, ನಡುವೆ ಮಾತಾಡುತ್ತಿದ್ದರು, ಬೇಸರವಾದರೆ ಎದ್ದೂ ಹೋಗುತ್ತಿದ್ದರು. ಅವರ ಮುಖ ನೋಡಿಕೊಂಡು ಹಾಡುಗಾರ ಕತೆ ಹಿಗ್ಗಿಸಬೇಕಿತ್ತು, ಕುಗ್ಗಿಸಬೇಕಿತ್ತು. ಅದೂ ನಿಮಿಷಕ್ಕೆ 10ರಿಂದ 20 ಸಾಲಿನ ವೇಗದಲ್ಲಿ! ಸಾಲಿನ ಅರ್ಧದಲ್ಲಿ ನಿಂತು ಪದ ಹುಡುಕುವ ಪುರುಸೊತ್ತು ಅವನಿಗಿರಲಿಲ್ಲ. ಸಿದ್ಧ ಸೂತ್ರ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಒಂದು ಸೂತ್ರ ನಾಲಗೆಯಲ್ಲಿ ಹೊರಳುತ್ತಿರುವಾಗ ಮನಸ್ಸು ಮುಂದಿನ ಸಾಲನ್ನು ಕಟ್ಟುತ್ತಿರುತ್ತದೆ.

ನೊವಿ ಪಜಾರ್ ಊರಿನ ಜೆಮೊ ಜೋಗಿಚ್ ಎಂಬ ಹಾಡುಗಾರ, ತಾನು ಇನ್ನೊಬ್ಬನಿಂದ ಒಂದೇ ಸಲ ಕೇಳಿದ ಹಾಡನ್ನು ಅಕ್ಷರ ಬಿಡದೆ ಹಾಡುತ್ತೇನೆ, ಇಪ್ಪತ್ತು ವರ್ಷದ ಮೇಲೆ ಕೇಳಿದರೂ ಹೀಗೇ ಹಾಡುತ್ತೇನೆ ಎಂದು ಖಂಡಿತವಾಗಿ ಹೇಳಿದ. ಇಬ್ಬರ ಹಾಡುಗಳನ್ನೂ ಧ್ವನಿಮುದ್ರಣದಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ಕತೆ ಒಂದೇ, ಸಾಲುಗಳು ಬೇರೆ. ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ಹಾಡು ಎಂದರೆ ಕತೆಯ ನಡೆ, ಘಟನೆಗಳ ಸರಣಿ, ವೀರರ ಗೌರವ. ಅದು ಕೆಡದಿದ್ದರೆ ಹಾಡು ಅದೇ. ಸಾಲುಗಳು ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತವೆ. ಬಾಯಿಪಾಠ ಮಾಡಿ ಒಪ್ಪಿಸುವವನು, ಹೊಸದಾಗಿ ಕವಿತೆ ಬರೆಯುವವನು ಎಂಬ ಎರಡೇ ಬಗೆ ತಿಳಿದಿದ್ದ ವಿದ್ವತ್ತಿಗೆ ಇವೆರಡೂ ಅಲ್ಲದ ಮೂರನೆಯವನು ಎದುರು ಬಂದು ನಿಂತಿದ್ದ. ಅವನು ಹಾಡುತ್ತಲೇ ಕಟ್ಟುವವನು.

ಇಂಥವರಲ್ಲಿ ಎಲ್ಲರಿಗಿಂತ ದೊಡ್ಡವನು ಅವ್ದೊ ಮೆಜೆದೊವಿಚ್. ಬಿಯೆಲೊ ಪೋಲೆ ಬಳಿಯ ಹಳ್ಳಿಯವನು, ಮಾಂಸ ಮಾರುವ ಕಸುಬು, ಓದು ಬರಹ ಬಾರದು. ಪ್ಯಾರಿ ಅವನಿಗೊಂದು ಪರೀಕ್ಷೆ ಒಡ್ಡಿದ. ಮೂಮಿನ್ ಎಂಬ ಇನ್ನೊಬ್ಬ ಹಾಡುಗಾರನಿಂದ, ಅವ್ದೊ ಹಿಂದೆಂದೂ ಕೇಳಿರದ ಒಂದು ಹಾಡನ್ನು ಹಾಡಿಸಿದ. ಮುಗಿದ ಮೇಲೆ, ಇದನ್ನು ನೀನೀಗ ಹಾಡಬಲ್ಲೆಯಾ ಎಂದು ಕೇಳಿದ. ಅವ್ದೊ ಒಪ್ಪಿಕೊಂಡು ಹಾಡಿದ. ಮೂಮಿನ್‌ನ ಹಾಡು 2,294 ಸಾಲಿತ್ತು, ಅವ್ದೊನದು 6,313 ಸಾಲಾಯಿತು. ಕತೆ ಅದೇ. ಆದರೆ ಸಭೆ ಸೇರುವುದು, ವೀರ ಶೃಂಗರಿಸಿಕೊಳ್ಳುವುದು, ಕುದುರೆಗೆ ಜೀನು ಬಿಗಿಯುವುದು ಮುಂತಾದ ಸಿದ್ಧ ಪ್ರಸಂಗಗಳನ್ನು ಅವನು ಮೈದುಂಬಿಸಿದ್ದ, ಪಾತ್ರಗಳ ಒಳಮನಸ್ಸಿಗೂ ಜಾಗ ಕೊಟ್ಟಿದ್ದ. 1935ರ ಜುಲೈನಲ್ಲಿ ಇದೇ ಅವ್ದೊ ಸ್ಮಾಯಿಲಾಗಿಚ್ ಮೆಹೋನ ಮದುವೆಯ ಕತೆಯನ್ನು ಹೇಳಿ ಬರೆಸಿದ. ಅದು 12,311 ಸಾಲು. ಒಡಿಸ್ಸಿಯ ಉದ್ದವೂ ಸುಮಾರು ಅಷ್ಟೇ. ಅಕ್ಷರ ಬಾರದವನೊಬ್ಬ ಮಹಾಕಾವ್ಯ ಕಟ್ಟಬಲ್ಲನೇ ಎಂದು ವೋಲ್ಫ್‌ನ ಕಾಲದಿಂದ ನಡೆದ ಜಗಳಕ್ಕೆ ಒಂದು ಉತ್ತರ ಸಿಕ್ಕಿತು.

ಪ್ಯಾರಿ ಆ ಉತ್ತರವನ್ನು ಬರೆದು ಮುಗಿಸಲಿಲ್ಲ. ಯುಗೊಸ್ಲಾವಿಯದಿಂದ ಮರಳಿದ ಕೆಲವೇ ತಿಂಗಳಲ್ಲಿ, 1935ರ ಡಿಸೆಂಬರ್ 3ರಂದು, ಲಾಸ್ ಏಂಜಲೀಸ್‌ನ ಹೋಟೆಲೊಂದರಲ್ಲಿ ಗುಂಡು ತಗುಲಿ ತೀರಿಕೊಂಡ. ಆಗ ಅವನಿಗೆ 33 ವರ್ಷ. ಅವನು ಬರೆಯಬೇಕೆಂದಿದ್ದ ಪುಸ್ತಕವನ್ನು ಶಿಷ್ಯ ಲಾರ್ಡ್ 1960ರಲ್ಲಿ ‘ದಿ ಸಿಂಗರ್ ಆಫ್ ಟೇಲ್ಸ್’ ಎಂಬ ಹೆಸರಿನಲ್ಲಿ ಹೊರತಂದ. ಜಗತ್ತಿನ ಜಾನಪದ ಅಧ್ಯಯನದಲ್ಲಿ ‘ಮೌಖಿಕ ಸೂತ್ರ ಸಿದ್ಧಾಂತ’ ನೆಲೆಯೂರಿದ್ದು ಆ ಪುಸ್ತಕದಿಂದ. ಪ್ಯಾರಿಯ ಬಿಡಿ ಬರಹಗಳನ್ನು ಅವನ ಮಗ ಆಡಮ್ ಪ್ಯಾರಿ 1971ರಲ್ಲಿ ಒಂದೆಡೆ ಸೇರಿಸಿ ಪ್ರಕಟಿಸಿದ.

ಈ ಸಿದ್ಧಾಂತ ಎಲ್ಲ ಬೀಗಕ್ಕೂ ಕೀಲಿಯಲ್ಲ ಎಂಬುದನ್ನು ನಮ್ಮ ದೇಶವೇ ತೋರಿಸುತ್ತದೆ. ವೇದಗಳೂ ಬಾಯಿಂದ ಬಾಯಿಗೆ ಬಂದವು. ಆದರೆ ಅಲ್ಲಿ ಹಾಡುತ್ತ ಕಟ್ಟುವುದಿಲ್ಲ. ಪದಪಾಠ, ಕ್ರಮಪಾಠ, ಜಟೆ, ಘನ ಮುಂತಾದ ಕ್ರಮಗಳಿಂದ ಒಂದು ಸ್ವರವೂ ಜಾರದಂತೆ ಕಾಯುತ್ತಾರೆ. ಬಾಯಿಯ ಪರಂಪರೆಯೆಲ್ಲ ಒಂದೇ ಬಗೆಯದಲ್ಲ. ಇನ್ನು ಹೋಮರನ ಕಾವ್ಯ ಅಕ್ಷರಕ್ಕೆ ಇಳಿದದ್ದು ಹೇಗೆ ಎಂಬ ಚರ್ಚೆ ಇಂದಿಗೂ ನಡೆದಿದೆ. ಸೂತ್ರವನ್ನು ಬಳಸುತ್ತಲೇ ದೊಡ್ಡ ಕವಿ ಅದಕ್ಕೆ ಹೊಸ ಅರ್ಥ ತುಂಬಬಲ್ಲ ಎಂದು ಮುಂದಿನ ವಿದ್ವಾಂಸರು ಸಾಧಿಸಿ ತೋರಿದ್ದಾರೆ. ಇಷ್ಟಾದರೂ ಪ್ಯಾರಿ ತಿರುಗಿಸಿದ ದಾರಿಯಿಂದ ಯಾರೂ ಹಿಂದಕ್ಕೆ ಹೋಗಿಲ್ಲ.

ಆ ದಾರಿ ನಮ್ಮ ಊರಿಗೂ ಬಂತು. ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಮಹಾಕಾವ್ಯವನ್ನು ಕೇಳಿ ದಾಖಲಿಸಿದರು. ಜೊತೆಯಲ್ಲಿ ಕೆಲಸ ಮಾಡಿದವರಲ್ಲಿ ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಇದ್ದರು. 1998ರಲ್ಲಿ ಅಚ್ಚಾದ ಆ ಕಾವ್ಯ 15,683 ಸಾಲಿನದು. ಇಂದು ನಾವು ಓದುವ ಇಲಿಯಡ್ 15,693 ಸಾಲಿನದು. ಗದ್ದೆಯಲ್ಲಿ ದುಡಿದು, ಸಿರಿ ಜಾತ್ರೆಯಲ್ಲಿ ಒಂದು ತಂಡವನ್ನು ನಡೆಸಿದ ತುಳುವರೊಬ್ಬರು ಇಷ್ಟನ್ನೂ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಪಾಡ್ದನ ಕೇಳಿದವರಿಗೆ, ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪನ ಕಾವ್ಯಗಳನ್ನು ಇರುಳಿಡೀ ಕೂತು ಕೇಳಿದವರಿಗೆ ಆ ಮರುಕಳಿಕೆಯ ರುಚಿ ಗೊತ್ತು. ಅಲ್ಲಿ ಪುನರುಕ್ತಿ ದೋಷವಲ್ಲ. ಕಾವ್ಯ ನಿಂತಿರುವುದೇ ಅದರ ಮೇಲೆ.

ಈ ಕತೆಯಿಂದ ನಮ್ಮ ತರಗತಿಗಳು ಕಲಿಯಬೇಕಾದ ಪಾಠ ಒಂದಿದೆ. ಅಲಂಕಾರ ಹೆಸರಿಸಿ ಲಕ್ಷಣ ಬರೆದು ಸಮನ್ವಯಗೊಳಿಸಿ, ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿ ಎಂಬ ಪ್ರಶ್ನೆಗಳನ್ನು ಕನ್ನಡ ಮಕ್ಕಳೆಲ್ಲ ಬರೆದಿದ್ದಾರೆ. ಅಂಕ ಬಂದರೆ ಅಲ್ಲಿಗೆ ಮುಗಿಯಿತು. ಪ್ಯಾರಿ ಮಾಡಿದ್ದೂ ಪ್ರಸ್ತಾರವೇ. ಆದರೆ ಗಣ ವಿಭಾಗ ಮುಗಿದ ಮೇಲೆ ಅವನು ಇನ್ನೂ ಒಂದು ಪ್ರಶ್ನೆ ಕೇಳಿದ: ಇದು ಇಲ್ಲಿ ಯಾವ ಕೆಲಸ ಮಾಡುತ್ತಿದೆ? ವಿಶೇಷಣ, ಯತಿ, ಪುನರುಕ್ತಿ ಎಂಬ ಒಣ ಹೆಸರುಗಳೆಲ್ಲ ಆ ಒಂದು ಪ್ರಶ್ನೆಯಿಂದ ಜೀವ ತಳೆದವು. ದ್ವಿತೀಯಾಕ್ಷರ ಪ್ರಾಸ ಕನ್ನಡ ಪದ್ಯದಲ್ಲಿ ಯಾವ ಕೆಲಸ ಮಾಡುತ್ತದೆ? ವಚನಕಾರನ ಅಂಕಿತ ಯಾವ ಕೆಲಸ ಮಾಡುತ್ತದೆ? ತ್ರಿಪದಿಯನ್ನು ಬೀಸುಕಲ್ಲಿನ ಮುಂದೆ ಹಾಡುವಾಗ ಅದರ ಎರಡನೆಯ ಸಾಲನ್ನು ಯಾಕೆ ಮರಳಿ ಹಿಡಿಯುತ್ತಾರೆ? ಕನ್ನಡ ಪಾಠ ಹೇಳುವ ಮೇಷ್ಟ್ರುಗಳು ಲಕ್ಷಣದ ಜೊತೆಗೆ ಈ ಪ್ರಶ್ನೆಗಳನ್ನೂ ಮಕ್ಕಳ ಮುಂದಿಡಲಿ. ಊರಿನಲ್ಲಿ ದೊಡ್ಡ ಕತೆ ಹಾಡುವವರು ಯಾರಾದರೂ ಇನ್ನೂ ಇದ್ದರೆ, ಮಕ್ಕಳನ್ನು ಒಮ್ಮೆ ಅವರ ಮುಂದೆ ಕೂರಿಸಿ, ಕೈಯಲ್ಲಿರುವ ಮೊಬೈಲಿನಲ್ಲೇ ಪೂರ್ತಿಯಾಗಿ ಧ್ವನಿಮುದ್ರಿಸಿಕೊಳ್ಳಲಿ. ಪ್ಯಾರಿಗೆ ಸಮುದ್ರ ದಾಟಿ ಹೋಗಬೇಕಾಯಿತು. ನಮಗೆ ಪಕ್ಕದ ಹಳ್ಳಿಗೆ ಹೋದರೆ ಸಾಕು.